ಗಸಗಸೆಯ ಜಾಗ ಖಾಲಿ ಇರಲಿ

ನಮ್ಮ ಅತ್ತಿಗೆಗೆ ತಲೆ ಸರಿಯಿಲ್ಲ ಎಂದು ಕೊಳ್ಳೇಗಾಲದಲ್ಲಿ ಮೊಟ್ಟಮೊದಲು ಸಾರಿದವಳು ನಾನು. ಈ ಹೆಗ್ಗಳಿಕೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲಾರೆ! ನನ್ನ ನಂತರ ನಮ್ಮಣ್ಣ ಹೇಳಿದ, ಎದುರುಮನೆಯಾಕೆ ಹೇಳಿದರು, ಕಡೆಗೆ ಶಾಗ್ಯದಿಂದ ಬಸ್ಸು ಹತ್ತಿ ಬಂದು ಅವಳ ಹೆತ್ತಪ್ಪನೇ ಹೇಳಿದರು. ಅತ್ತಿಗೆ ಮಾತ್ರ ಯಾರು ಏನೆಂದರೂ “ಅಂಗೇ ಅನ್ಕಳಿ” ಅಂದುಬಿಟ್ಟು ಉಪ್ಪಿನ ಡಬ್ಬವನ್ನು ಬೆರಳಗಲ ಎಡಕ್ಕೆ ಸರಿಸುತ್ತಿದ್ದಳು. ಯಾರೋ ಪುಣ್ಯಾತ್ಮರು ಅದನ್ನು ಬೆರಳಗಲ ಬಲಕ್ಕೆ ಸರಿಸಿದ್ದರು, ಅದಕ್ಕೆ.

ಅತ್ತಿಗೆ ಎಂದರೆ ಅಣ್ಣನ ಹೆಂಡತಿ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಆದ್ದರಿಂದ ಏಕವಚನ; ಯಾರೂ ತಪ್ಪು ತಿಳಿಯಬಾರದು. ಶಾಗ್ಯದ ಬೇಸಾಯದ ಮನೆಯ ಮಗಳು. ಇಂಜಿನಿಯರಿಂಗ್ ಓದಿಕೊಂಡು ಬಂದು, ಕೊಳ್ಳೇಗಾಲದ ನಮ್ಮ ತವರುಮನೆಯ ಮಹಡಿಯ ಮೇಲೆ, ಮೊದಲು ರಾಗಿ ಮೂಟೆ ಇಡುತ್ತಿದ್ದ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತಾಳೆ. ನಾನು ಯಳಂದೂರಿಗೆ ಕೊಟ್ಟ ಹೆಣ್ಣು. ಅಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ. ರಜೆ ಸಿಕ್ಕರೆ ಸಾಕು, ಬಸ್ಸು ಹತ್ತಿ ತವರಿಗೆ ಬಂದುಬಿಡುತ್ತೇನೆ. ಅವ್ವನ ಕೈಯಡುಗೆ ಉಣ್ಣಲಿಕ್ಕೆ, ಅತ್ತಿಗೆಯ ಹತ್ತಿರ ಜಗಳ ಕಾಯಲಿಕ್ಕೆ. ಎರಡೂ ಇಲ್ಲದೆ ನನಗೆ ವಾರ ಕಳೆಯುವುದಿಲ್ಲ.

ಇವಳ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಮೊದಮೊದಲು ನಾವೆಲ್ಲ “ಕಂಪ್ಯೂಟರು” ಎಂದು ಹೇಳಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆವು. ಅವ್ವನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ.

“ಅದೇನ್ ಕೂಸೇ ನೀನು ಮಾಡೋದು? ಎದುರುಮನೆಯೋಳು ಕೇಳ್ತಳೆ, ನಂಗೆ ಏಳಕ್ಕೇ ಬರಕಿಲ್ಲ.”

ಅತ್ತಿಗೆ ಸೊಪ್ಪು ಬಿಡಿಸುತ್ತ ಹೇಳಿದಳು. “ಒಂದು ಓಟ್ಲು ಅನ್ಕಳಿ ಅತ್ತೆ. ಉಣ್ಣಕ್ ಕೂತವ್ರು ಅಡ್ಗೆಮನೆ ಒಳಿಕೆ ನುಗ್ಗಂಗಿಲ್ಲ. ಕೂತಲ್ಲಿಂದ್ಲೇ ನಂಬರ್ ಕೂಗ್ಬೇಕು. ಒಂದು ಅಂದ್ರೆ ಮುದ್ದೆ, ಎರಡು ಅಂದ್ರೆ ಅನ್ನ, ನಾಕು ಅಂದ್ರೆ ಸಾರು. ಕಂಪ್ಯೂಟರ್ ಒಳ್ಗೂ ಅಂಗೇ ಒಂದ್ ಅಡ್ಗೆಮನೆ ಅದೆ. ಯಾವ್ ನಂಬರ್ಗೆ ಏನು ಅಂತ ಒಂದ್ ಬೋರ್ಡ್ ಅದೆ. ಆ ಬೋರ್ಡ್ ಕಾಯದು ನನ್ ಕೆಲ್ಸ.”

“ಒಸದಾಗಿ ಪಾಯ್ಸ ಮಾಡುದ್ರೆ?”

“ಕೊನೇಲಿ ಒಸ ನಂಬರ್ ಕೊಡದು.”

“ಸಾರು ಮಾಡದ್ನೇ ಬುಟ್ಬುಟ್ರೆ?”

“ನಾಕ್ನೇದ್ನ ಖಾಲಿ ಬುಡದು. ಯಾರಾರ ಕೂಗುದ್ರೆ ‘ಇಲ್ಲ ಕಣಪ್ಪ’ ಅನ್ನದು. ಆ ನಂಬರ್ ಇನ್ಯಾವ್ದಕ್ಕೂ ಕೊಡಂಗಿಲ್ಲ.”

“ಅಯ್ಯೋ, ಸಾರಿಲ್ದಿದ್ರೆ ಪಾಯ್ಸನೇ ಕೊಡಿ! ಯಾರ್ ಬ್ಯಾಡ ಅಂದರು?”

“ಬ್ಯಾಡ ಅನ್ನಲ್ಲ ಅತ್ತೆ, ಮುದ್ದೆ ಮೇಲೆ ಉಯ್ಕಂಡ್ಬುಡ್ತರೆ!”

ಅವ್ವ ನಕ್ಕಳು ನೋಡಿ, ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ತನಕ. ಅಂದಿನಿಂದ ಓಣಿಯಲ್ಲಿ ಯಾರು ಕೇಳಿದರೂ “ನಮ್ ಕೂಸು ಮುದ್ದೆ ಮೇಲೆ ಪಾಯ್ಸ ಬೀಳದಂಗೆ ನೋಡ್ಕತದೆ” ಎಂದು ಹೆಮ್ಮೆಯಿಂದ ಹೇಳತೊಡಗಿದಳು. ಕೇಳಿದವರು ಏನು ಅರ್ಥ ಮಾಡಿಕೊಂಡರೋ ದೇವರೇ ಬಲ್ಲ! ಆ ಅಡುಗೆಮನೆಗೆ ಕರ್ನಲ್ ಎಂದೂ, ಕೂಗಿಗೆ ಸಿಸ್ಟಂ ಕಾಲ್ ಎಂದೂ, ಬೋರ್ಡಿಗೆ ಹೆಡರ್ ಫೈಲ್ ಎಂದೂ ಹೆಸರಂತೆ. ಲೋಕದ ಮೂಲೆಮೂಲೆಯವರು ಸೇರಿ ಕಟ್ಟಿದ ಆಪರೇಟಿಂಗ್ ಸಿಸ್ಟಂ ಅದು. ಅದರ ಬೋರ್ಡನ್ನು ಕಾಯುವ ನಾಲ್ಕಾರು ಜನರಲ್ಲಿ ನಮ್ಮವಳೂ ಒಬ್ಬಳು. ನಿಮ್ಮ ಮನೆಯ ಯಾವ ಯಂತ್ರ ಯಾವ ನಂಬರನ್ನು ಕೂಗಿ ಬದುಕುತ್ತಿದೆಯೋ, ಯಾರಿಗೆ ಗೊತ್ತು!

ಒಂದು ಸಲ ನಾನು ಊಟಕ್ಕೆ ಕರೆಯಲು ಮಹಡಿ ಹತ್ತಿದೆ. ಅತ್ತಿಗೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಕಂಪ್ಯೂಟರಿನೆದುರು ನಿಂತಿದ್ದಳು. ಬೇರೆಬೇರೆ ದೇಶದ ಇಬ್ಬರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ತಮ್ಮ ತಮ್ಮ ಹೊಸ ಕೆಲಸಕ್ಕೆ ಒಂದೇ ನಂಬರನ್ನು ಬರೆದು ಕಳಿಸಿದ್ದರಂತೆ. ಇಬ್ಬರೂ “ನಾನೇ ಮೊದಲು” ಎನ್ನುತ್ತಿದ್ದಾರಂತೆ. ಹಿಂದೆಯೇ ಬಂದ ನಮ್ಮಣ್ಣನಿಗೆ ಹೊಟ್ಟೆ ಹಸಿದಿತ್ತು.

“ಒಂದ್ ನಂಬರ್ಗೆ ಇಷ್ಟ್ ರಂಪನಾ? ಯಾರಿಗೋ ಒಬ್ರಿಗೆ ಕೊಟ್ಬುಟ್ಟು ಉಣ್ಣಕ್ ಬಾ.”

ಅತ್ತಿಗೆ ತಿರುಗಿ ನೋಡಿದಳು. “ನಮ್ ಮದ್ವೆ ದಿನ ಅದೇ ಛತ್ರನ ಇನ್ನೊಂದ್ ದಿಬ್ಬಣಕ್ಕೂ ಕೊಟ್ಟಿದ್ರೆ? ಗಲಾಟೇಲಿ ನೀವು ಇನ್ಯಾರ ಕತ್ಗೋ ತಾಳಿ ಕಟ್ಬುಟ್ಟಿದ್ರೆ? ಸುಮ್ನಿರ್ತಿದ್ರಾ?”

ನಮ್ಮಣ್ಣ ಸ್ವಲ್ಪ ಹೊತ್ತು ಯೋಚನೆ ಮಾಡಿದ. ಮಾಡಬಾರದಿತ್ತು! “ಇರ್ತಿದ್ನೇನೋ” ಅಂದ. ಅವತ್ತು ಸಾಯಂಕಾಲ ಅವ್ವ ಸೊಸೆಯ ಪರ ವಹಿಸಿ ಅವನಿಗೊಬ್ಬನಿಗೇ ಉಪ್ಪಿಲ್ಲದ ಉಪ್ಪಿಟ್ಟು ಬಡಿಸಿದಳು. ಆ ಪರದೇಶದ ಇಬ್ಬರಲ್ಲಿ ಮೊದಲು ಬಂದವನಿಗೆ ನಂಬರು ಸಿಕ್ಕಿತು, ಎರಡನೆಯವನು ಮುಂದಿನ ನಂಬರಿಗೆ ಒಪ್ಪಿಕೊಂಡ, ಅತ್ತಿಗೆಗೆ ಇಬ್ಬರೂ ಧನ್ಯವಾದ ಬರೆದರು. ನಮ್ಮಣ್ಣ ಮಾತ್ರ ಬರೆಯಲಿಲ್ಲ.

ಇಷ್ಟೇ ಆಗಿದ್ದರೆ ತಲೆ ಸರಿಯಿಲ್ಲ ಎಂದು ನಾನ್ಯಾಕೆ ಹೇಳುತ್ತಿದ್ದೆ? ಮಹಡಿಯ ಕಾನೂನನ್ನು ಇವಳು ಕೆಳಗಿನ ಅಡುಗೆಮನೆಗೂ ಇಳಿಸಿಬಿಟ್ಟಳು. ಅಡುಗೆಮನೆ ಅವ್ವನದು. ಸೌಟನ್ನು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ ಅವಳು. ಜ್ವರ ಬಂದರೂ ಒಲೆಯ ಮುಂದೆಯೇ. ಅತ್ತಿಗೆ ಸಹಾಯಕ್ಕೆ ಹೋದರೆ “ನಿನ್ ಅಡ್ಗೆಮನೆ ಮೇಲದೆ, ನಡಿ ಕೂಸೇ” ಎಂದು ಮಹಡಿಗೆ ಅಟ್ಟುತ್ತಿದ್ದಳು. ಆ ಒಲೆಯ ಪಕ್ಕದ ಗೋಡೆಗೆ ಕಡಪ ಕಲ್ಲಿನ ಹಲಗೆ. ಅದರ ಮೇಲೆ ಎಡದಿಂದ ಸಾಸಿವೆ, ಜೀರಿಗೆ, ಮೆಂತ್ಯ, ಗಸಗಸೆ, ಉಪ್ಪು, ಅರಿಶಿನ, ಕಾರದಪುಡಿ ಎಂದು ಸ್ಟೀಲು ಡಬ್ಬಗಳು ಸಾಲಾಗಿ ಕೂತಿದ್ದವು. ಗಸಗಸೆ ತರುವುದು ಯಾವಾಗಲೋ ನಿಂತುಹೋಯಿತು. ಆ ಡಬ್ಬವನ್ನು ಹುಕ್ಕು, ಗುಂಡಿ ಹಾಕಿಕೊಳ್ಳಲು ಆಗುತ್ತದೆ ಎಂದು ನಾನೇ ಯಳಂದೂರಿಗೆ ಹೊತ್ತುಕೊಂಡು ಹೋದೆ. ಜಾಗ ಖಾಲಿಯಾಯಿತಲ್ಲ, ಒಂದು ಸಲ ಅವಲಕ್ಕಿ ತುಂಬಿದ ಹೊಸ ಡಬ್ಬ ತಂದು ಅಲ್ಲಿಟ್ಟೆ. ಕಾಫಿ ಕುಡಿದು ಬರುವಷ್ಟರಲ್ಲಿ ಅದು ಸಾಲಿನ ಕಟ್ಟಕಡೆಗೆ ಹೋಗಿ ಕೂತಿತ್ತು! ಮತ್ತೆ ತಂದಿಟ್ಟೆ. ಮತ್ತೆ ಕಡೆಗೆ ಹೋಯಿತು.

“ಅದು ಗಸಗಸೆ ಜಾಗ ಕಣಮ್ಮಿ” ಅಂದಳು ಅತ್ತಿಗೆ.

“ಗಸಗಸೆ ಎಲ್ಲದೆ?”

“ಇಲ್ಲ.”

“ಮತ್ತೆ?”

“ಇಲ್ಲ ಅನ್ನದೂ ಒಂದ್ ಉತ್ರನೇ.”

ಇಂಥವಳ ಜೊತೆ ಏನು ವಾದ ಮಾಡುತ್ತೀರಿ? ಯಳಂದೂರಿಗೆ ಹೋದ ಮೇಲೂ ನನಗೆ ಮೈ ಉರಿಯುತ್ತಿತ್ತು. ಅದರ ಮೇಲೆ ಇನ್ನೊಂದು ಹುಚ್ಚು. ಅತ್ತೆ ಸೊಸೆ ಇಬ್ಬರೂ ಆಗಾಗ ಸೀರೆ ತರುತ್ತೇವೆಂದು ಮೈಸೂರಿಗೆ ಹೋಗುತ್ತಿದ್ದರು. ಬರುವಾಗ ಬರಿಗೈ! ರೇಷ್ಮೆ ಸೀರೆಯ ಊರಾದ ಕೊಳ್ಳೇಗಾಲದಲ್ಲಿ ಕೂತುಕೊಂಡು ಸೀರೆಗೆಂದು ಮೈಸೂರಿಗೆ ಹೋಗುವವರು ಉಂಟೇ? ಹೋದವರು ಒಂದು ಕರ್ಚೀಫೂ ತರದೆ ವಾಪಸ್ಸು ಬರುವುದುಂಟೇ? ಕೇಳಿದರೆ ಅವ್ವ “ಕಲರ್ ಇಡುಸ್ಲಿಲ್ಲ ಕಣವ್ವ” ಅನ್ನುತ್ತಿದ್ದಳು. ಮೊದಲೆಲ್ಲ ಯಳಂದೂರಿಗೆ ಬಂದರೆ ನನ್ನ ಅಂಗಡಿಯಲ್ಲಿ ಕೂತು ಬ್ಲೌಸಿಗೆ ಹುಕ್ಕು ಹಚ್ಚಿಕೊಡುತ್ತಿದ್ದವಳು, ಈಗೀಗ “ಬ್ಯಾಸರ” ಎಂದು ಬರುವುದನ್ನೇ ಬಿಟ್ಟಿದ್ದಳು. ಸೊಸೆ ಸಿಕ್ಕಮೇಲೆ ಮಗಳು ಬೇಡವಾದಳು ಎಂದು ನಾನು ಮುಖ ಊದಿಸಿಕೊಂಡಿದ್ದೆ.

ನಮ್ಮಣ್ಣನದು ಮೋಟರು, ಪೈಪಿನ ಅಂಗಡಿ. ವ್ಯಾಪಾರ ಕೈಹಿಡಿಯಿತು, ಅಡುಗೆಮನೆಯನ್ನು ಹೊಸದಾಗಿ ಮಾಡಿಸುತ್ತೇನೆ ಎಂದು ಹೊರಟ. ಎಳೆದರೆ ಬರುವ ಡ್ರಾಯರು, ತಳ್ಳಿದರೆ ಮುಚ್ಚುವ ಬಾಗಿಲು, ಕಡಪ ಕಲ್ಲು ಒಡೆದು ಆಚೆಗೆ. ಅವ್ವ ಸುಖವಾಗಿ ಅಡುಗೆ ಮಾಡಲಿ ಎಂದೇ ಅವನ ಆಸೆ. ಅಳತೆ ತೆಗೆಯಲು ಟೇಪು ಹಿಡಿದು ಬಂದ ಬಡಗಿಯನ್ನು ಅತ್ತಿಗೆ ಬಾಗಿಲಲ್ಲೇ ತಡೆದಳು.

“ಕಲ್ ಮುಟ್ಬ್ಯಾಡಿ ಸಾ. ಒಸ ಡ್ರಾಯರ್ ಬೇಕಾದ್ರೆ ಆಚೆ ಗೋಡೆಗೆ ಆಕಿ. ಇದು ಇದ್ದಂಗೇ ಇರ್ಬೇಕು.”

“ನಿನ್ ಬೋರ್ಡು ಗೀರ್ಡೆಲ್ಲ ಮಹಡಿ ಮೇಲಿಟ್ಕೊ” ಎಂದು ಅಣ್ಣ ರೇಗಿದ. ಟೇಪಿನವನು ವಾಪಸ್ಸು ಹೋದ. ಗಂಡ ಹೆಂಡತಿ ಮಾತು ಬಿಟ್ಟರು. ಅವ್ವನನ್ನು ಕೇಳಿದರೆ “ಕೂಸು ಏಳ್ದಂಗೆ” ಎಂದು ಒಂದೇ ಮಾತು. ಕಡೆಗೆ ಅಣ್ಣ ಶಾಗ್ಯಕ್ಕೆ ಫೋನು ಮಾಡಿ ಮಾವನನ್ನೇ ಕರೆಸಿದ. ನ್ಯಾಯ ಎಂದರೆ ನಾನು ಬಿಡುತ್ತೇನೆಯೇ? ಅಂಗಡಿಗೆ ಬೀಗ ಹಾಕಿ ಯಳಂದೂರಿನಿಂದ ಬಂದೆ.

ಹಿರಿಯರು ಜಗುಲಿಯ ಮೇಲೆ ಕೂತು, ಟವೆಲ್ಲು ಕೊಡವಿ, ಮಗಳನ್ನು ಕೇಳಿದರು. “ಗಂಡ ಒಸ ಅಡ್ಗೆಮನೆ ಮಾಡುಸ್ಕೊಡ್ತೀನಿ ಅಂದ್ರೆ ಬ್ಯಾಡ ಅಂದ ಹೆಣ್ಣ ನಾನ್ ಈ ವಯಸ್ಸಿಗೂ ಕಂಡಿಲ್ಲ ಕಣವ್ವ. ನಿಂಗೇನು ತಲೆಗಿಲೆ ಕೆಟ್ಟದಾ?”

“ಅಂಗೇ ಅನ್ಕಳಪ್ಪ” ಅಂದಳು ಅತ್ತಿಗೆ. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಮಹಡಿ ಹತ್ತಿದಳು.

ಇದೇ ಸಮಯ ಎಂದುಕೊಂಡೆ. ಅವ್ವ ಹಿತ್ತಲಲ್ಲಿ ಕರಿಬೇವು ಕೀಳುತ್ತಿದ್ದಳು. ನಾನು ಅಡುಗೆಮನೆಗೆ ನುಗ್ಗಿ ಹಲಗೆಯ ಮೇಲಿದ್ದ ಡಬ್ಬಗಳನ್ನೆಲ್ಲ ಎತ್ತಿ ನೆಲದ ಮೇಲೆ ಗುಡ್ಡೆ ಹಾಕಿದೆ. ಜಾಗ ಖಾಲಿಯಾದರೆ ತಾನೇ ದಾರಿಗೆ ಬರುತ್ತಾಳೆ ಎಂದು ನನ್ನ ಲೆಕ್ಕ. ಎಂಥ ಬುದ್ಧಿವಂತೆ ನಾನು!

ಅವ್ವ ಒಳಗೆ ಬಂದಳು. ಬೀಗರಿಗೆಂದು ಬಸ್ಸಾರು ಮಾಡಿದ್ದಳು, ಒಗ್ಗರಣೆ ಒಂದು ಬಾಕಿ. ಬಾಣಲೆಯಿಟ್ಟು ಎಣ್ಣೆ ಬಿಟ್ಟಳು. ಎಣ್ಣೆ ಕಾಯಿತು. ಸಾಸಿವೆಗೆ ಕೈ ನೀಡಿದಳು. ಕೈಗೆ ಬರೀ ಕಲ್ಲು ಸಿಕ್ಕಿತು. ಕೈ ಪಕ್ಕಕ್ಕೆ ಸರಿಯಿತು, ಅಲ್ಲೂ ಕಲ್ಲು. ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಸವರಿದಳು. ಮತ್ತೆ ಈ ತುದಿಗೆ ಬಂದಳು. ಎಣ್ಣೆ ಹೊಗೆಯಾಡುತ್ತಿತ್ತು. ನಾನು ಒಂದು ಮಾರು ದೂರದಲ್ಲಿ ಡಬ್ಬಗಳ ಮಧ್ಯೆ ನಿಂತಿದ್ದೆ. ಅವ್ವ ನನ್ನ ಮುಖಕ್ಕೇ ಮುಖ ಕೊಟ್ಟು ನೋಡಿದಳು. ನೋಡಿ, ನಾನು ಅಲ್ಲಿ ಇಲ್ಲವೇ ಇಲ್ಲವೆನ್ನುವ ಹಾಗೆ, ಹೆದರಿದ ದನಿಯಲ್ಲಿ ಕೂಗಿದಳು.

“ಕೂಸೇ... ಎಲ್ಲಿದ್ದೀಯೇ ಕೂಸೇ...”

ಮಹಡಿಯಿಂದ ಅತ್ತಿಗೆ ಧಡಧಡ ಇಳಿದು ಬಂದಳು. ಮೊದಲು ಒಲೆ ಆರಿಸಿದಳು. ನನ್ನನ್ನು ಬೈಯಲಿಲ್ಲ, ನೋಡಲೂ ಇಲ್ಲ. ನೆಲದಿಂದ ಒಂದೊಂದೇ ಡಬ್ಬ ಎತ್ತಿ ಸಾಸಿವೆ, ಜೀರಿಗೆ, ಮೆಂತ್ಯ ಎಂದು ಇಟ್ಟಳು. ಒಂದು ಡಬ್ಬದಷ್ಟು ಜಾಗ ಬಿಟ್ಟು ಉಪ್ಪು ಇಟ್ಟಳು. ಎಲ್ಲ ಇಟ್ಟ ಮೇಲೆ “ಆಯ್ತು ಅತ್ತೆ” ಅಂದಳು. ಅವ್ವನ ಕೈ ಸಾಸಿವೆಗೆ ಹೋಯಿತು.

ಅತ್ತಿಗೆಯನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಕೇಳಿದೆ. “ಯಾವಾಗಿಂದ?”

“ಓದ್ವರ್ಷ ದೀಪಾವಳಿ ಟೈಮಲ್ಲಿ ಗೊತ್ತಾಯ್ತು. ಡಬ್ಬ ನೋಡಿ ತಕತಿರ್ನಿಲ್ಲ, ಮುಟ್ಟಿ ಮುಟ್ಟಿ ತಕತಿದ್ರು. ಮೈಸೂರ್ಗೆ ಕರ್ಕಂಡೋದೆ. ಕಣ್ಣಿನ ನರ ಸೊರ್ಗದೆ, ಓಗಿರೋ ನೋಟ ವಾಪಸ್ ಬರಕಿಲ್ಲ, ಉಳ್ದಿರೋದ ಡ್ರಾಪ್ಸ್ ಆಕಿ ಕಾಪಾಡ್ಕಳಿ ಅಂದ್ರು ಡಾಕ್ಟ್ರು.”

ಸೀರೆಯ ಕಲರ್ ಯಾಕೆ ಹಿಡಿಸುತ್ತಿರಲಿಲ್ಲ ಎಂದು ಆಗ ಗೊತ್ತಾಯಿತು. ಹುಕ್ಕು ಹಚ್ಚುವುದು ಯಾಕೆ ಬ್ಯಾಸರವಾಯಿತು ಎಂದೂ ಗೊತ್ತಾಯಿತು. ದಿನವೆಲ್ಲ ಸೂಜಿಗೆ ದಾರ ಪೋಣಿಸುವ ನನಗೆ ಇದು ಕಾಣಲಿಲ್ಲ.

“ನಮ್ಗ್ಯಾಕೆ ಏಳ್ಲಿಲ್ಲ ಅತ್ತಿಗೆ?”

“ಆಣೆ ಆಕುಸ್ಕಂಡ್ರು. ‘ಕಣ್ಣಿಲ್ಲ ಅಂತ ಗೊತ್ತಾದ್ರೆ ಸೌಟು ಕಿತ್ಕತರೆ ಕೂಸೇ, ಸೌಟೊಂದ್ನ ಬುಡ್ಸಿ ಮೂಲೇಲಿ ಕೂರುಸ್ಬ್ಯಾಡಿ’ ಅಂದ್ರು. ಅದ್ಕೇಯ, ನಾನೇ ತಲೆಕೆಟ್ಟೋಳು ಆದ್ರೆ ಆಗ್ಲಿ ಅಂತ ಸುಮ್ನಾದೆ.”

ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅತ್ತಿಗೆ ನನ್ನ ಬೆನ್ನು ತಟ್ಟಿ, “ಮೂಗೊರೆಸ್ಕಂಡು ಒಳಿಕ್ ಬಾ, ನಮ್ಮಪ್ಪನ್ಗೆ ಬಡಿಸ್ಬೇಕು” ಅಂದಳು.

ಅಣ್ಣನಿಗೆ ನಾನೇ ಹೇಳಿದೆ, ಆಣೆ ಅತ್ತಿಗೆಯದು ತಾನೇ, ನನ್ನದಲ್ಲವಲ್ಲ! ಕೇಳಿಸಿಕೊಂಡವನು ನೆಟ್ಟಗೆ ಅಡುಗೆಮನೆಗೆ ಹೋಗಿ ಆ ಕಡಪ ಕಲ್ಲನ್ನು ಎರಡು ಕೈಯಲ್ಲೂ ಹಿಡಿದು ಅಲುಗಾಡಿಸಿ ನೋಡಿದ, ಗಟ್ಟಿಯಾಗಿದೆಯೋ ಇಲ್ಲವೋ ಎಂದು. ಆಮೇಲೆ ಹೆಂಡತಿಯ ಪಕ್ಕದಲ್ಲಿ ಊಟಕ್ಕೆ ಕೂತ. ಶಾಗ್ಯದ ಹಿರಿಯರು ವಿಷಯ ತಿಳಿದು ಮಗಳ ಮುಖವನ್ನೇ ನೋಡುತ್ತಿದ್ದರು. “ನನ್ ಮಗಳು ಕಣ್ರಿ” ಎಂದರು, ಯಾರೂ ಕೇಳದಿದ್ದರೂ. ಆಗಲೇ ನಾನೂ “ನಮ್ ಅತ್ತಿಗೆ ಕಣ್ರಿ” ಎಂದೆ, ಅವರಿಗಿಂತ ಜೋರಾಗಿ. ಈಗಲೂ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ; ಬ್ಲೌಸಿನ ಅಳತೆ ಆಮೇಲೆ.

ಅವತ್ತು ಅವ್ವ ಬಡಿಸುತ್ತ ನನ್ನೆದುರಿಗೆ ಬಂದು ನಿಂತಳು. ಯಾರು ಯಾರಿಗೆ ಹೇಳಿದರೆಂದು ಕೇಳಲಿಲ್ಲ. ಅವಳಿಗೆ ತಿಳಿಯದೇ ಇರುವುದು ಯಾವುದು? ಎಡಗೈಯಿಂದ ನನ್ನ ತಟ್ಟೆಯ ಅಂಚು ಮುಟ್ಟಿ, ಮುದ್ದೆಯ ಪಕ್ಕಕ್ಕೆ ಸರಿಯಾಗಿ ಸಾರು ಬಿಟ್ಟಳು. ಒಂದು ತೊಟ್ಟೂ ಆಚೆ ಬೀಳಲಿಲ್ಲ.

“ಆ ಗಸಗಸೆ ಜಾಗ್ದಲ್ಲಿ ಏನೂ ಇಡ್ಬ್ಯಾಡ ಕಣವ್ವ” ಅಂದಳು ಮೆಲ್ಲಗೆ. “ಕೈಗೆ ಖಾಲಿ ಸಿಕ್ತು ಅಂದ್ರೆ ಮುಂದ್ಲದು ಉಪ್ಪು ಅಂತ ಗೊತ್ತಾಯ್ತದೆ.”

“ಇಡಾಕಿಲ್ಲ ಕಣವ್ವ.”

“ಇಟ್ರೆ,” ಅವ್ವನಿಗೆ ಆಗಲೇ ನಗು ಬಂದಿತ್ತು, “ಮುದ್ದೆ ಮೇಲೆ ಪಾಯ್ಸ ಉಯ್ದ್ಬುಡ್ತೀನಿ!”