ಶಿವಬಸವ್ವನ ಗುಪ್ತ ಶಬ್ದ

ಫಕೀರಪ್ಪನವರ ಹೊಟ್ಟೆಕಿಚ್ಚು ಒಬ್ಬ ಮನುಷ್ಯನ ಮೇಲಾಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಅವನನ್ನು ದಾರಿಯಲ್ಲಿ ತಡೆದು ಎರಡು ಮಾತು ಆಡಬಹುದಿತ್ತು, ಇಲ್ಲವೇ ಅವನ ಬೋಳುತಲೆಯನ್ನೋ ಹರಕು ಚಪ್ಪಲಿಯನ್ನೋ ನೆನೆದು ಸಮಾಧಾನ ಪಟ್ಟುಕೊಳ್ಳಬಹುದಿತ್ತು. ಆದರೆ ಅವರ ಹೊಟ್ಟೆ ಉರಿಯುತ್ತಿದ್ದುದು ಒಂದು ಶಬ್ದದ ಮೇಲೆ. ಅದು ಯಾವ ಶಬ್ದ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಹೆಂಡತಿ ಶಿವಬಸವ್ವನಿಗೆ ಗೊತ್ತಿತ್ತು, ಅವಳು ಹೇಳುತ್ತಿರಲಿಲ್ಲ.

ಇಬ್ಬರೂ ಇಂಡಿ ಕಡೆಯವರು. ಪುಣೆಯ ಚಂದನನಗರದಲ್ಲಿ ಎರಡು ಖೋಲಿಯ ಮನೆ. ಫಕೀರಪ್ಪನವರು ನಗರ ರಸ್ತೆಯ ಒಂದು ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಗುಮಾಸ್ತರು. ಶಿವಬಸವ್ವ ವಿಮಾನ ನಗರದ ಒಂದು ದೊಡ್ಡ ಆಫೀಸಿನ ಕ್ಯಾಂಟೀನಿನಲ್ಲಿ ರೊಟ್ಟಿ, ಚಪಾತಿ ಮಾಡುವವಳು. ಮೊದಲೆಲ್ಲ ಅವಳ ಪಗಾರ ಪಾಕೀಟಿನಲ್ಲಿ ಬರುತ್ತಿತ್ತು. ತಂದು ದೇವರ ಜಗಲಿಯ ಮೇಲಿಟ್ಟು, ಆಮೇಲೆ ಗಂಡನ ಕೈಗೆ ಕೊಡುತ್ತಿದ್ದಳು. ಫಕೀರಪ್ಪನವರು ಅದನ್ನು ಕಪ್ಪಕಾಣಿಕೆ ಸ್ವೀಕರಿಸುವ ಚಕ್ರವರ್ತಿಯ ಗಾಂಭೀರ್ಯದಿಂದ ತೆಗೆದುಕೊಂಡು ಟ್ರಂಕಿನಲ್ಲಿಡುತ್ತಿದ್ದರು. (ಮರುದಿನವೇ ಅವಳು ಅದನ್ನು ಟ್ರಂಕಿನಿಂದ ತೆಗೆದು ತನಗೆ ಬೇಕಾದಂತೆ ಖರ್ಚು ಮಾಡುತ್ತಿದ್ದಳು, ಆ ಮಾತು ಬೇರೆ.)

ಆ ವರ್ಷ ಕ್ಯಾಂಟೀನಿನ ಗುತ್ತಿಗೆದಾರನಿಗೆ ಹೊಸ ಗಾಳಿ ಬೀಸಿತು. ಎಲ್ಲ ಹೆಂಗಸರಿಗೂ ಒಂದೊಂದು ನೀಲಿ ಪಗಾರ ಕಾರ್ಡು ಕೊಟ್ಟ. ತಿಂಗಳ ಪಗಾರ ಅದರೊಳಗೇ ಬಂದು ಬೀಳುತ್ತದೆ, ಬೇಕಾದಾಗ ಎಟಿಎಮ್ಮಿನಲ್ಲಿ ತೆಗೆಯಬಹುದು, ಎಷ್ಟು ಬಂತು ಎಷ್ಟು ಹೋಯಿತು ಎಂದು ಕ್ಯಾಂಟೀನಿನ ಕಂಪ್ಯೂಟರಿನ ಮುಂದೆ ಕೂತು ನೋಡಬಹುದು. ಹೆಂಗಸರಿಗೆ ಇದನ್ನೆಲ್ಲ ಕಲಿಸಲು ಕಾರ್ಡಿನ ಕಂಪನಿಯವರು ಕಿಶೋರ ಎಂಬ ಒಬ್ಬ ತರುಣನನ್ನು ಕಳಿಸಿದರು. ಶಿವಬಸವ್ವ ಪಾಠ ಮುಗಿಸಿ ಮನೆಗೆ ಬಂದು ಕಾರ್ಡಿಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಜಗಲಿಯ ಮೇಲಿಟ್ಟಳು. ಗಂಡನ ಕೈಗೆ ಮಾತ್ರ ಕೊಡಲಿಲ್ಲ.

"ಅಲ್ಲಾ, ನನ್ನ ಕೈಯಾಗ ಕೊಡೂದು ಪದ್ಧತಿ ಅದ ಅಲ್ಲಾ?" ಎಂದರು ಫಕೀರಪ್ಪನವರು.

"ಹಿಡೀರಿ, ಬೇಕಾದಷ್ಟು ಹೊತ್ತು ಹಿಡ್ಕೊಂಡು ಕೂಡ್ರಿ. ಆದ್ರ ಪಾಸ್‌ವರ್ಡ್ ಕೇಳಬ್ಯಾಡ್ರಿ."

"ಪಾಸ್‌ವರ್ಡ್ ಅಂದ್ರ?"

"ಕಂಪ್ಯೂಟರದಾಗ ಖಾತೆ ತಗೀಬೇಕಂದ್ರ ಒಂದು ಗುಪ್ತ ಶಬ್ದ ಇರತದರಿ. ಅದನ್ನ ಯಾರಿಗೂ ಹೇಳಬಾರದು. ಕಿಶೋರ ಸರ್ ಹೇಳ್ಯಾರ, ಗಂಡಗೂ ಹೇಳಬಾರದಂತ."

ಫಕೀರಪ್ಪನವರು ನಕ್ಕರು. ಹೆಂಡತಿ ನಗಲಿಲ್ಲ. ಆಗ ಅವರ ಹೊಟ್ಟೆಯಲ್ಲಿ ಮೊದಲ ಕಿಡಿ ಬಿತ್ತು.

ಆಮೇಲೆ ಮನೆಯಲ್ಲಿ ಕಿಶೋರ ಸರ್ ಅವರದೇ ರಾಜ್ಯಭಾರ. ಎಟಿಎಮ್ಮಿನಲ್ಲಿ ಗುಂಡಿ ಒತ್ತುವಾಗ ಕೈ ಅಡ್ಡ ಹಿಡಿಯಬೇಕು, ಕಿಶೋರ ಸರ್ ಹೇಳ್ಯಾರ. ಊರ ಮಂದಿ ಕೂಡುವ ಇಂಟರ್ನೆಟ್ ಅಂಗಡಿಯಲ್ಲಿ ಖಾತೆ ತೆರೆಯಬಾರದು, ಕಿಶೋರ ಸರ್ ಹೇಳ್ಯಾರ. ಖಾತೆ ನೋಡಿದ ಮೇಲೆ ಮುಚ್ಚಿಯೇ ಏಳಬೇಕು, ಅದನ್ನೂ ಹೇಳ್ಯಾರ. ಫಕೀರಪ್ಪನವರು ವರ್ಷಗಟ್ಟಲೆ ಹೊರಗೆ ಹೋಗುವಾಗ ದೀಪ ಆರಿಸು ಎಂದು ಹೇಳಿದ್ದರು, ಅದನ್ನು ಅವಳು ಒಮ್ಮೆಯೂ ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ಈಗ ಎಲ್ಲಿಯದೋ ಒಬ್ಬ ಹುಡುಗ ಮುಚ್ಚು ಎಂದರೆ ಮುಚ್ಚುತ್ತಾಳೆ! ಅವರಿಗೆ ಊಟ ಸೇರದಾಯಿತು.

"ಆ ನಿನ್ನ ಸರ್ ನೋಡ್ಲಿಕ್ಕೆ ಹೆಂಗಿದ್ದಾನ?" ಎಂದು ಒಂದು ದಿನ ಕೇಳಿಯೇಬಿಟ್ಟರು.

"ಛಲೋ ಇದ್ದಾರ್ರೀ. ಭಾಳ ಸಮಾಧಾನದಿಂದ ಹೇಳಿಕೊಡ್ತಾರ. ಎಷ್ಟ ಸಲ ತಪ್ಪಿದ್ರೂ ಸಿಟ್ಟಾಗೂದಿಲ್ಲ."

"ನಾ ಸಿಟ್ಟಾಗ್ತೀನೇನ?"

"ಈಗ ಆಗೀರಲ್ಲರೀ."

ಅಂದಿನಿಂದ ಫಕೀರಪ್ಪನವರಿಗೆ ಆ ಶಬ್ದದ್ದೇ ಧ್ಯಾನ. ಕಚೇರಿಯಲ್ಲಿ ಸೊಲ್ಲಾಪುರಕ್ಕೆ ಹೋಗಬೇಕಾದ ಲಾರಿಯ ಕಾಗದದ ಮೇಲೆ ನಾಶಿಕ ಎಂದು ಬರೆದರು. ಅವಳ ಮನಸ್ಸಿನ ತಳದಲ್ಲಿ ಕೂತಿರುವ ಆ ಶಬ್ದ ಯಾವುದು? ಯಾರದು? ಹೀಗೆ ಯೋಚಿಸುತ್ತ ಕೂತಿದ್ದಾಗ ಅವರಿಗೆ ಒಮ್ಮೆಲೇ ಜ್ಞಾನೋದಯವಾಯಿತು. ಪಾಸ್‌ವರ್ಡ್ ಎಂದರೆ ಬಾಯಿಂದ ಹೊರಗೆ ಬರಬಾರದ ಶಬ್ದ. ಶಿವಬಸವ್ವ ಮದುವೆಯಾದಂದಿನಿಂದ ಬಾಯಿಂದ ಹೊರಗೆ ತರದ ಶಬ್ದ ಜಗತ್ತಿನಲ್ಲಿ ಒಂದೇ ಒಂದು, ಅದು ಗಂಡನ ಹೆಸರು! ಅವರ ಕಡೆ ಹೆಂಡತಿಯಾದವಳು ಗಂಡನ ಹೆಸರು ಎತ್ತುವಂತಿಲ್ಲ. ಮದುವೆಯಲ್ಲೋ ಸೀಮಂತದಲ್ಲೋ ಹೆಂಗಸರು ಬಾಗಿಲಲ್ಲಿ ಅಡ್ಡಗಟ್ಟಿ ಕಾಡಿದರೆ ಒಂದು ಒಡಪು ಕಟ್ಟಿ, ಆ ಹಾಡಿನಂಥ ಎರಡು ಸಾಲಿನ ಮರೆಯಲ್ಲಿ ಹೇಳಬೇಕು. ಶಿವಬಸವ್ವ ಅದನ್ನೂ ತಪ್ಪಿಸಿಕೊಂಡವಳು. ಮಕ್ಕಳು ಸಣ್ಣವರಿದ್ದಾಗ ಶಾಲೆಯಲ್ಲಿ ತಂದೆಯ ಹೆಸರು ಕೇಳಿದರೆ ಗಂಡನನ್ನೇ ತೋರಿಸಿದವಳು.

ಬಾಯಿ ಹೇಳಲಾರದ್ದನ್ನು ಬೆರಳು ಬರೆದಿದೆ ಎಂದು ಫಕೀರಪ್ಪನವರು ನಿಶ್ಚಯಿಸಿದರು. ಅವರಿಗೆ ಹೆಂಡತಿಯ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಅದನ್ನು ಖಾತ್ರಿ ಮಾಡಿಕೊಳ್ಳದೆ ಕೂಡಲಾಗಲಿಲ್ಲ.

ಮರುದಿನ ಸಂಜೆ ಕಾರ್ಡಿನ ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಓಣಿಯ ಇಂಟರ್ನೆಟ್ ಅಂಗಡಿಗೆ ಹೋದರು. ಪರದೆ ಕಟ್ಟಿದ ಗೂಡಿನಲ್ಲಿ ಕೂತರು. ನಂಬರು ಹಾಕಿ, ಪಾಸ್‌ವರ್ಡಿನ ಜಾಗದಲ್ಲಿ ತಮ್ಮ ಶುಭನಾಮವನ್ನು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಒಂದೊಂದಕ್ಕೂ ಒಂದೊಂದು ಚುಕ್ಕಿ ಬಿತ್ತು. ಅದೂ ಅವರಿಗೆ ಹಿಡಿಸಿತು, ಕಂಪ್ಯೂಟರಿಗೂ ಮರ್ಯಾದೆ ಗೊತ್ತಿದೆ, ಹೆಸರು ಹೇಳುವುದಿಲ್ಲ. ಗುಂಡಿ ಒತ್ತಿದರು.

ಪಾಸ್‌ವರ್ಡ್ ತಪ್ಪು ಎಂದು ಬಂತು.

ಫಕೀರಪ್ಪನವರು ಕಂಪ್ಯೂಟರಿಗೆ ಮೂಗು ತಾಗುವಂತೆ ಬಾಗಿ ಇನ್ನೊಮ್ಮೆ ಓದಿದರು. ತಾವಲ್ಲ! ಹಾಗಾದರೆ ಯಾರು? ಯಾರೆಂದು ಹೊಟ್ಟೆ ಕೂಡಲೇ ಹೇಳಿತು. 'ಕಿಶೋರ' ಎಂದು ಒತ್ತಿದರು. ಇನ್ನು ಕೊನೆಯ ಗುಂಡಿಯೊಂದೇ ಬಾಕಿ. ಅದು ತೆರೆದುಕೊಂಡರೆ ತಮ್ಮ ಸಂಸಾರ ಮುಗಿಯಿತು, ನಾಳೆಯೇ ಇಂಡಿಯ ಬಸ್ಸು ಹತ್ತುವುದು. ಕಣ್ಣು ಮುಚ್ಚಿ ಮನೆದೇವರನ್ನು ನೆನೆದು ಒತ್ತಿದರು. ಒಂದು ಕಣ್ಣು ಮಾತ್ರ ತೆರೆದು ನೋಡಿದರು.

ತಪ್ಪು!

"ಅಯ್ ಶಿವನ!" ಎಂದು ಅವರು ಕೂಗಿದ್ದಕ್ಕೆ ಪಕ್ಕದ ಗೂಡಿನವನು ಪರದೆ ಸರಿಸಿ ಇಣುಕಿದ. ಮ್ಯಾಟ್ರಿಕ್ ಪಾಸಾದ ದಿನವೂ ಫಕೀರಪ್ಪನವರಿಗೆ ಇಷ್ಟು ಖುಷಿಯಾಗಿರಲಿಲ್ಲ. ಖುಷಿಯಾದ ಮನುಷ್ಯ ಸುಮ್ಮನೆ ಎದ್ದು ಮನೆಗೆ ಹೋಗಬೇಕಿತ್ತು. ಆದರೆ ಅವರಿಗೆ ಇನ್ನೊಂದು ವಿಚಾರ ಬಂತು. ಮೊದಲ ಸಲ ಕಂಪ್ಯೂಟರಿನ ಲಕ್ಷ್ಯ ಬೇರೆ ಕಡೆ ಇದ್ದಿರಬಹುದು, ತಮ್ಮ ಕಚೇರಿಯ ಮ್ಯಾನೇಜರರಿಗೂ ಒಂದು ಮಾತು ಎರಡು ಸಲ ಹೇಳಬೇಕಾಗುತ್ತದೆ. ಮತ್ತೆ ತಮ್ಮ ಹೆಸರನ್ನೇ ಇನ್ನಷ್ಟು ಜೋರಾಗಿ ಒತ್ತಿದರು. ಮೂರನೆಯ ತಪ್ಪಿಗೆ ಖಾತೆ ಬಂದ್ ಆಯಿತು.

ಮನೆ ಮುಟ್ಟುವಷ್ಟರಲ್ಲಿ ಶಿವಬಸವ್ವನ ಮೊಬೈಲಿಗೆ ಮೆಸೇಜು ಬಂದಿತ್ತು. ಯಾರೋ ಸುಳ್ಳು ಪಾಸ್‌ವರ್ಡ್ ಹಾಕಿದ್ದಾರೆ, ಖಾತೆಗೆ ಬೀಗ ಹಾಕಲಾಗಿದೆ. ಹಿಟ್ಟು ನಾದುತ್ತ ಕೂತಿದ್ದ ಅವಳು ಪಕ್ಕದ ಮನೆಯ ಹುಡುಗಿಯಿಂದ ಅದನ್ನು ಓದಿಸಿಕೊಂಡು ಬೆಂಕಿಯಾಗಿದ್ದಳು.

"ಕಳ್ಳರೀ! ನನ್ನ ಖಾತೆಗೆ ಕಳ್ಳ ಬಂದಿದ್ನಂತ! ಅವನ ಕೈ ಸೇದಲಿ! ಅವನ ಬಾಯಾಗ ಮಣ್ಣ ಬೀಳಲಿ!"

"ಬೀಳಲಿ, ಬೀಳಲಿ," ಎಂದರು ಫಕೀರಪ್ಪನವರು, ಅಂಗೈಯನ್ನು ಧೋತರಕ್ಕೆ ಉಜ್ಜುತ್ತ.

"ಅವನ ಹೆಂಡ್ತಿ ಎಂಥಾ ಕರ್ಮಗೇಡಿ ಇದ್ದಾಳೋ, ಇಂಥವನ್ನ ಕಟಗೊಂಡಾಳ!"

"ಆಕಿಗೆ ಏನೂ ಅನಬ್ಯಾಡ. ಆಕಿ ಭಾಳ ಛಲೋಕಿ."

"ನಿಮಗ ಹೆಂಗ ಗೊತ್ತು?"

"ಇರಬಹುದು ಅಂದೆ."

ಬೀಗ ತೆಗೆಸಲು ಸಹಾಯವಾಣಿಗೆ ಫೋನು ಮಾಡಬೇಕೆಂದು ಮೆಸೇಜಿನಲ್ಲೇ ಇತ್ತು. ಅವಳ ಎರಡೂ ಕೈಗೆ ಹಿಟ್ಟು ಮೆತ್ತಿದ್ದರಿಂದ ಫೋನು ಹಿಡಿಯುವ ಕೆಲಸ ಫಕೀರಪ್ಪನವರಿಗೆ ಬಂತು. ಅವರು ಸ್ಪೀಕರ್ ಹಚ್ಚಿ ಹೆಂಡತಿಯ ಮುಂದೆ ಹಿಡಿದರು. ಆ ಕಡೆ ಒಬ್ಬ ಹುಡುಗಿ ಮರಾಠಿಯಲ್ಲಿ ಮಾತಾಡಿದಳು. ಕಾರ್ಡಿನ ನಂಬರು ಕೇಳಿದಳು, ಹುಟ್ಟಿದ ವರ್ಷ ಕೇಳಿದಳು. ಆಮೇಲೆ, ಖಾತೆ ನಿಮ್ಮದೇ ಎಂದು ನನಗೆ ಖಾತ್ರಿಯಾಗಬೇಕು, ನಿಮ್ಮ ಯಜಮಾನರ ಹೆಸರು ಹೇಳಿ ಎಂದಳು.

ಶಿವಬಸವ್ವ ಹಿಟ್ಟಿನ ಬೆರಳನ್ನು ಗಂಡನ ಕಡೆ ತೋರಿಸಿದಳು. ಫಕೀರಪ್ಪನವರು ಕಿವಿ ನಿಮಿರಿಸಿದರು.

"ನಮ್ಮವರು ಇಲ್ಲೇ ನಿಂತಾರ, ಅವರೇ ಹೇಳ್ತಾರ," ಎಂದಳು ಶಿವಬಸವ್ವ ತನ್ನ ಮರಾಠಿಯಲ್ಲಿ.

ಆಗುವುದಿಲ್ಲ, ಖಾತೆ ಯಾರದೋ ಅವರೇ ಹೇಳಬೇಕು ಎಂದಳು ಹುಡುಗಿ. ಶಿವಬಸವ್ವನ ಮುಖ ಕೆಂಪಾಯಿತು. ನಮ್ಮಲ್ಲಿ ಹೆಸರು ತಗೊಳ್ಳೂದಿಲ್ಲ ಎಂದಳು. ಹುಡುಗಿ ಕಿಲಕಿಲ ನಕ್ಕಳು. ಪುಣೆಯ ಹುಡುಗಿ, ಅವರಲ್ಲೂ ಅದೇ ಪದ್ಧತಿ.

"ಮಗ ಉಖಾಣಾ ಘ್ಯಾ ನಾ, ಕಾಕೂ!" ಎಂದಳು.

ಎಂದರೆ, ಹಾಗಾದರೆ ಒಡಪು ಹಾಕಿ, ಚಿಕ್ಕಮ್ಮಾ! ಶಿವಬಸವ್ವ ಸೆರಗು ಸರಿಮಾಡಿಕೊಳ್ಳಲು ಹೋಗಿ ತಲೆಗೆಲ್ಲ ಹಿಟ್ಟು ಮಾಡಿಕೊಂಡಳು. ಗೋಡೆಯ ಕಡೆ ಮುಖ ತಿರುಗಿಸಿ, ಸಣ್ಣ ದನಿಯಲ್ಲಿ ಹೇಳಿದಳು:

"ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ, ಗಡಿಗಿ ತುಂಬ ಮಸರು,
ಮುಚ್ಚಿದ ಖಾತೆ ತಗೀ ನನ ತಂಗಿ, ಫಕೀರಪ್ಪ ನಮ್ಮವರ ಹೆಸರು."

ಕನ್ನಡ ತಿಳಿಯದಿದ್ದರೂ ಪ್ರಾಸವನ್ನೂ ಹೆಸರನ್ನೂ ಹಿಡಿದ ಆ ಕಡೆಯ ಹುಡುಗಿ "ವಾ ಕಾಕೂ, ವಾ!" ಎಂದು ಚಪ್ಪಾಳೆ ತಟ್ಟಿದಳು. ಖಾತೆಯ ಬೀಗ ಈಗಲೇ ತೆಗೆಯುತ್ತೇನೆ ಎಂದಳು. ಫಕೀರಪ್ಪನವರಿಗೆ ಅದೇನೂ ಕೇಳಿಸಲಿಲ್ಲ. ಅಷ್ಟು ವರ್ಷ ಕಾದ ಹೆಸರು, ರೊಟ್ಟಿ ಮೊಸರಿನ ನಡುವೆ, ಅಷ್ಟು ಮೆತ್ತಗೆ ಬಂದಿತ್ತು. ಅವರ ಕಣ್ಣು ತುಂಬಿದವು. ಕಣ್ಣು ತುಂಬಿದ ಗಂಡಸಿಗೆ ಬುದ್ಧಿ ಕೈಕೊಡುತ್ತದೆ.

"ಎಷ್ಟ ಛಂದ ಹೇಳಿದಿ, ಬಸವ್ವಾ," ಎಂದರು ಫಕೀರಪ್ಪನವರು. "ಮತ್ತ ಅದೇ ಹೆಸರು ಹಾಕಿದ್ರ ಆ ಕಂಪ್ಯೂಟರ್ ಎರಡೂ ಸಲ ತಪ್ಪು ಅಂತ ಯಾಕ ಅಂತು?"

ಅಂದಮೇಲೆ ಅವರಿಗೇ ತಾವು ಏನಂದೆವೆಂದು ತಿಳಿಯಿತು. ಶಿವಬಸವ್ವ ನಿಧಾನವಾಗಿ ಗೋಡೆಯಿಂದ ಈ ಕಡೆ ತಿರುಗಿದಳು.

"ಎರಡೂ ಸಲ?"

"ನಡುವ ಒಮ್ಮೆ ಬ್ಯಾರೆ ಹಾಕಿದ್ದೆ."

"ಯಾವ ಹೆಸರು?"

ಫಕೀರಪ್ಪನವರು ನೆಲ ನೋಡುತ್ತ, "ಕಿಶೋರ," ಎಂದರು.

"ಅಯ್ಯ ನಿಮ್ಮ! ಆ ಹುಡುಗ ನನಗ ತಾಯಿ ಲೆಕ್ಕ ಹಿಡದು ಮಾವಶಿ ಅಂತಾನರೀ!" ಶಿವಬಸವ್ವನ ದನಿ ಸ್ವಲ್ಪವೂ ಮೆತ್ತಗಿರಲಿಲ್ಲ. "ಕೇಳ್ರಿ ಇಲ್ಲೆ. ನಾ ಮೊದಲ ನಿಮ್ಮ ಹೆಸರೇ ಹಾಕಿದ್ದೆ. ಕೆಂಪು ಗೀಟು ಬಂತು. 'ದುರ್ಬಲ' ಅಂತ. ಎಲ್ಲಾ ಹೆಂಗಸರ ಮುಂದ! ನಾಚಿಕಿ ಬಂದು ಸತ್ತೆ. ಇದು ಬ್ಯಾಡ ಮಾವಶಿ, ಕಳ್ಳ ಆದವ ಮೊದಲ ಹಾಕೂದೇ ಗಂಡನ ಹೆಸರು ಅಂದ ಕಿಶೋರ. ಖರೇನ ಹೇಳ್ಯಾನ!"

ಅಷ್ಟರಲ್ಲಿ ಫಕೀರಪ್ಪನವರ ಕೈಯಲ್ಲಿದ್ದ ಫೋನು ಮಾತಾಡಿತು. ಹುಡುಗಿ ಇನ್ನೂ ಲೈನಿನಲ್ಲೇ ಇದ್ದಳು. ಕಾಕೂ, ತಕರಾರು ದಾಖಲು ಮಾಡಿಕೊಳ್ಳಬೇಕು, ನಿಮಗೆ ಯಾರ ಮೇಲಾದರೂ ಸಂಶಯವಿದೆಯೇ ಎಂದು ಕೇಳಿದಳು.

"ಅದ," ಎಂದಳು ಶಿವಬಸವ್ವ.

ಹೆಸರು ಹೇಳಿ ಎಂದಳು ಹುಡುಗಿ.

ಫಕೀರಪ್ಪನವರು ತಲೆಯಾಡಿಸಿದರು, ಕಣ್ಣಲ್ಲೇ ಬೇಡಿಕೊಂಡರು. ಒಳಗೊಳಗೆ ಒಂದು ಧೈರ್ಯವೂ ಇತ್ತು. ಹೆಸರು ಹೇಳಬೇಕಾದರೆ ಒಡಪು ಬೇಕು. ಸಿಟ್ಟಿನಲ್ಲಿ ಒಡಪು ಹುಟ್ಟುವುದಿಲ್ಲ. ಹಿರಿಯರು ಹಾಕಿಕೊಟ್ಟ ಪದ್ಧತಿ ತಮ್ಮನ್ನು ಕಾಯುತ್ತದೆ.

ಶಿವಬಸವ್ವ ಸೊಂಟದ ಮೇಲೆ ಹಿಟ್ಟಿನ ಕೈ ಇಟ್ಟುಕೊಂಡು, ಗಂಡನನ್ನೇ ನೋಡುತ್ತ, ರೊಟ್ಟಿ ಇಲ್ಲದೆ, ಮೊಸರಿಲ್ಲದೆ, ಓಣಿಯ ತುದಿಗೆ ಕೇಳುವಂತೆ ಹೇಳಿದಳು:

"ಫಕೀರಪ್ಪ! ಫಕೀರಪ್ಪ ಶಿವಲಿಂಗಪ್ಪ ಹಂಜಗಿ!"

ಆ ಕಡೆಯ ಹುಡುಗಿಗೆ ನಗು ತಡೆಯದೆ ಸರಿಯಾಗಿ ಕೇಳಿಸಲಿಲ್ಲವಂತೆ. ಇನ್ನೊಮ್ಮೆ ಹೇಳಿ ಎಂದಳು. ಫಕೀರಪ್ಪನವರು ಫೋನನ್ನು ಹೆಂಡತಿಯ ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದರು.