ಔರಾದನ್ನು ಹಡಗು ಹತ್ತಿಸಿದ ಯಂತ್ರ ಮಹಾಶಯರಿಗೆ

ಸಂಚಾರಿ ವೃತ್ತಿ ಮಾರ್ಗದರ್ಶನ ವಾಹನದ ಒಡಲಲ್ಲಿ ವಿರಾಜಮಾನರಾಗಿ, ಬೆರಳು ತಾಗಿದ ಮಾತ್ರಕ್ಕೆ ಭವಿಷ್ಯ ಮುದ್ರಿಸಿ ಕೊಡುವ ಗಣಕಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಪರದೆಗೆ ನಮ್ಮ ಧೂಳು ಹಿಡಿಯದಿರಲಿ, ತಮ್ಮ ಜನರೇಟರಿಗೆ ನಮ್ಮ ಹೊಲಗಳ ಗತಿ ಬಾರದಿರಲಿ ಎಂದು ಹಾರೈಸಿ ಈ ಪತ್ರ ಆರಂಭಿಸುತ್ತೇನೆ. ಕಳೆದ ಏಪ್ರಿಲ್‌ನಲ್ಲಿ ತಾವು ಔರಾದಿನ ನಮ್ಮ ಕಾಲೇಜಿಗೆ ದಯಮಾಡಿಸಿದಾಗ, ಕಾಲೇಜು ಸಮಿತಿಯ ಸದಸ್ಯನೂ ಗೇಟಿನೆದುರಿನ ಪುಸ್ತಕದಂಗಡಿಯವನೂ ಆದ ನನಗೆ ವಂದನಾರ್ಪಣೆಯ ಹೊಣೆ ವಹಿಸಲಾಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಡೀಸೆಲ್ ಮುಗಿದು ಮೈಕು ಬಾಯಿ ಮುಚ್ಚಿದ್ದರಿಂದ, ಅಂದು ಗಂಟಲಲ್ಲೇ ಉಳಿದ ವಂದನೆಯನ್ನು ಇಂದು ಬಹಿರಂಗವಾಗಿ ಕಾಗದಕ್ಕೆ ಇಳಿಸುತ್ತಿದ್ದೇನೆ.

ಮೊದಲಿಗೆ ತಮ್ಮ ಆಗಮನಕ್ಕೆ ವಂದನೆ. ಮಾರ್ಗದರ್ಶನಕ್ಕೆಂದು ಬೀದರಿನಿಂದ ಹೊರಟ ವಾಹನವೇ ಮಾರ್ಗ ತಪ್ಪಿ ಅಷ್ಟೂರಿಗೆ ಹೋಗಿ, ಬಹಮನಿ ಸುಲ್ತಾನರ ಗೋರಿಗಳ ಮುಂದೆ ಭಕ್ತಿಯಿಂದ ನಿಂತಿತ್ತೆಂದು ಕೇಳಿದೆ. ಅಲ್ಲಿನ ಚಹಾದಂಗಡಿಯ ಅಬ್ದುಲ ಗಫೂರ ಸಾಹೇಬರು ವಾಹನದ ಮೇಲಿನ ದಪ್ಪಕ್ಷರ ಓದಿ, "ಇಲ್ಲಿ ಮಲಗಿದವ್ರದು ನೌಕರಿ ಮುಗದು ಐನೂರು ವರ್ಷ ಆತ್ರಿ, ಇವರಿಗಿನ್ನ ಏನ್ ದಾರಿ ತೋರಸ್ತೀರಿ?" ಎಂದು ಕೇಳಿ, ಔರಾದಿನ ರಸ್ತೆ ತೋರಿಸಿ ಕಳಿಸಿದರಂತೆ. ಹೀಗೆ ಮಾರ್ಗದರ್ಶನ ಪಡೆದೇ ಮಾರ್ಗದರ್ಶನಕ್ಕೆ ಬಂದ ತಮ್ಮ ವಿನಯ ಅನುಕರಣೀಯ.

ಆ ದಿನ ತಮ್ಮ ಮುಂದೆ ಸಾಲು ನಿಂತವರಲ್ಲಿ ಡಾಬಕಾ ಹಳ್ಳಿಯ ಯಶೋಧರಾ ಒಬ್ಬಳು. ಆಗಷ್ಟೇ ದ್ವಿತೀಯ ಪಿಯುಸಿ ಕಲಾ ವಿಭಾಗದ ಪರೀಕ್ಷೆ ಬರೆದವಳು. ಎರಡು ವರ್ಷ ಮಳೆ ಕೈಕೊಟ್ಟು, ಅವಳ ತಂದೆ ಗೋರಖನಾಥರೂ ತಾಯಿ ಶಾಲುಬಾಯಿಯವರೂ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಹೊರಡಲು ಗಂಟು ಕಟ್ಟಿದ್ದರು. ಮಗಳನ್ನು ಓದಲು ಬಿಡುವುದೋ, ಬುಟ್ಟಿ ಹೊರಲು ಕರೆದೊಯ್ಯುವುದೋ ಎಂಬುದನ್ನು ತಂದೆ ತಮ್ಮ ತೀರ್ಪಿಗೇ ಬಿಟ್ಟಿದ್ದರು. "ಸಾಹೇಬ್ರು ಏನಂತಾರ ಕೇಳ್ಕೊಂಡ ಬಾ ಮಗಾ. ಓದು ಅಂದ್ರ ಓದು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಇರೋದೆಲ್ಲಿ, ಉಣ್ಣೋದೆಲ್ಲಿ, ಅದೂ ಕೇಳು" ಎಂದು ಬಸ್ಸು ಹತ್ತಿಸಿದ್ದರು. ಹೀಗಾಗಿ ಅವಳು ಹೊತ್ತು ತಂದದ್ದು ಒಂದೇ ಪ್ರಶ್ನೆ: ಬೀದರಿನಲ್ಲಿ ಹುಡುಗಿಯರ ಹಾಸ್ಟೆಲಿನಲ್ಲಿದ್ದುಕೊಂಡು ಮುಂದೆ ಏನು ಓದಬಹುದು?

ಆದರೆ ತಾವು ಪ್ರಶ್ನೆ ಕೇಳುವವರೇ ಹೊರತು ಕೇಳಿಸಿಕೊಳ್ಳುವವರಲ್ಲ. ಬೆಳಗಾದೊಡನೆ ನಿಮ್ಮ ಮನಸ್ಸು ಯಾವುದರತ್ತ ಹರಿಯುತ್ತದೆ, ಪುಸ್ತಕವೋ ಸಂಗೀತವೋ ನೀರೋ ಎಂದಿರಿ. ಟ್ಯಾಂಕರಿನ ಹಾರ್ನಿಗೆ ಕಿವಿಗೊಟ್ಟು ಏಳುವ ಹುಡುಗಿ ನೀರನ್ನೇ ಒತ್ತಿದಳು. ಬಿಡುವಿನ ವೇಳೆ ಎಲ್ಲಿ ಕಳೆಯುವಿರಿ, ಮೈದಾನದಲ್ಲೋ ಗ್ರಂಥಾಲಯದಲ್ಲೋ ಜಲಮೂಲದ ಬಳಿಯೋ ಎಂದಿರಿ. ಕೊಡ ಹಿಡಿದು ನಿಲ್ಲುವ ಪಾಳಿಯಲ್ಲೇ ಅಷ್ಟೂ ಬಿಡುವು ಕಳೆದವಳು ಜಲಮೂಲ ಎಂದಳು. ಮನೆಯವರಿಂದ ತಿಂಗಳುಗಟ್ಟಲೆ ದೂರ ಇರಬಲ್ಲಿರಾ ಎಂದಿರಿ. ದೀಪಾವಳಿ ಮುಗಿಸಿ ಕಬ್ಬು ಕಡಿಯಲು ಹೋದ ಹೆತ್ತವರ ದಾರಿಯನ್ನು ಯುಗಾದಿಯವರೆಗೆ ಕಾದು ರೂಢಿಯಾದವಳು ಹೌದು ಎಂದಳು. ಇಕ್ಕಟ್ಟಿನ ಜಾಗದಲ್ಲಿ ಹಲವರ ಜೊತೆ ಮಲಗಬಲ್ಲಿರಾ, ಅಳೆದು ಕೊಟ್ಟ ಕುಡಿಯುವ ನೀರಿನಲ್ಲಿ ದಿನ ನೂಕಬಲ್ಲಿರಾ ಎಂದೂ ಕೇಳಿದಿರಿ. ಇದಕ್ಕೂ ಹೌದು, ಅದಕ್ಕೂ ಹೌದು. ಕೂಡಲೇ ತಾವು ಸಂತೋಷದಿಂದ ಒಮ್ಮೆ ಗುಂಯ್‌ಗುಟ್ಟಿ, ಸರ್ಕಾರಿ ಮುದ್ರೆಯ ಛಾಪಾ ಸಮೇತ ಹಾಳೆಯೊಂದನ್ನು ಹೊರಹಾಕಿದಿರಿ: ಸೂಕ್ತ ವೃತ್ತಿ, ವಾಣಿಜ್ಯ ಹಡಗಿನ ನೌಕಾಯಾನ ಅಧಿಕಾರಿ.

ಅವಳೊಬ್ಬಳೇ ಅಲ್ಲ, ಮಾನ್ಯರೇ. ಆ ದಿನ ಸಾಲಿನಲ್ಲಿದ್ದವರೆಲ್ಲ ಬರಗಾಲದ ಮಕ್ಕಳೇ ಆದ್ದರಿಂದ, ಸಂಜೆಯೊಳಗೆ ಇಡೀ ತಾಲೂಕು ಸಮುದ್ರ ಸೇರಿತು. ಅವಳ ಹಿಂದೆ ನಿಂತಿದ್ದ ಮಾಣಿಕನಿಗೆ ಆಳಸಮುದ್ರದ ಮುಳುಗುಗಾರನ ಹುದ್ದೆ ಬಂತು. "ಮುಳಗ್ಲಾಕ ನಾ ತಯ್ಯಾರ್ ಇದ್ದೀನ್ರಿ, ಮೊದ್ಲ ನಮ್ಮೂರ ಬಾವ್ಯಾಗ ನೀರ ಬಿಡ್ಲಾಕ ಹೇಳ್ರಿ ಅದಕ್ಕ" ಎಂದು ಅವನು ಹಾಳೆಯಿಂದಲೇ ಗಾಳಿ ಹಾಕಿಕೊಳ್ಳುತ್ತ ಹೋದ. ಹಡಗು ಹತ್ತಬೇಕಾದರೆ ಭೌತಶಾಸ್ತ್ರ, ಗಣಿತ ಓದಿರಬೇಕು ಎನ್ನುತ್ತಾರೆ. ತಾವೋ ಇತಿಹಾಸ, ಸಮಾಜಶಾಸ್ತ್ರ ಓದಿದ ಹುಡುಗಿಯನ್ನು ಅವಳ ವಿಷಯವೇನೆಂದು ವಿಚಾರಿಸುವ ಅವಿನಯ ತೋರಲಿಲ್ಲ. ಅವಳು ಕನಸಿನಲ್ಲಿ ಯಾವ ಬಣ್ಣ ಕಾಣುತ್ತಾಳೆ ಎಂಬುದನ್ನು ಮಾತ್ರ ಮರೆಯದೆ ಕೇಳಿದಿರಿ.

ತಮ್ಮ ಜೊತೆ ಬೆಂಗಳೂರಿನಿಂದ ಬಂದಿದ್ದ ಮಾರ್ಗದರ್ಶಿ ಮಹನೀಯರ ಬಳಿ ಯಶೋಧರಾ ಹೋಗಿ, "ಸರ್ರೀ, ಇದು ಹೋಗ್ಲಿ ಬಿಡ್ರಿ, ಬೀದರದಾಗ ಹಾಸ್ಟೆಲ್ ಹ್ಯಾಂಗ ಸಿಗ್ತದ ಅಷ್ಟ ಹೇಳ್ರಿ" ಎಂದಳು. ಅವರು ಕೈಗಡಿಯಾರ ನೋಡಿಕೊಂಡು, "ಹಾಸ್ಟೆಲ್ ನಮ್ಮ ವ್ಯಾಪ್ತಿಗೆ ಬರೋದಿಲ್ಲಮ್ಮ, ನೀವು ಕನಸನ್ನ ದೊಡ್ಡದಾಗಿ ಕಾಣಿ" ಎಂದರು. ಆಮೇಲೆ ಊಟಕ್ಕೆ ಹೋದರು.

ಇನ್ನು ತಮ್ಮ ಪ್ರಭಾವವನ್ನು ಎಷ್ಟು ಕೊಂಡಾಡಲಿ? ಮುಂದಿನ ಐತವಾರ ಪುಸ್ತಕದ ಪಾರ್ಸಲ್ ಬಿಡಿಸಿಕೊಳ್ಳಲು ಭಾಲ್ಕಿ ಸ್ಟೇಷನ್ನಿಗೆ ಹೋಗಿದ್ದ ನನಗೆ ಗೋರಖನಾಥರ ಕುಟುಂಬ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಿತು. ಹೈದರಾಬಾದಿನ ಗಾಡಿಯನ್ನು ಬಿಟ್ಟು ಮುಂಬೈ ಕಡೆಯ ಗಾಡಿಗೆ ಕಾದಿದ್ದರು. ಯಾಕೆಂದು ಕೇಳಿದೆ. "ಸರ್ಕಾರದ ಛಾಪಾ ಅದರಿ ಕಾಕಾ. ಪೋರಿಗಿ ಸಮುದ್ರದ ಕೆಲ್ಸಾ ಅಂತ ಬರದಾರ. ಹೈದರಾಬಾದದಾಗ ಸಮುದ್ರ ಎಲ್ಲದರಿ? ಇಟ್ಟಂಗಿ ಹೊರೋದು ಎರಡೂ ಕಡಿ ಒಂದೇ, ಅಲ್ಲಿದ್ರ ಹಡಗಿನ ಬಾಜೂಕರೆ ಇರ್ತಾಳ" ಎಂದು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿಟ್ಟಿದ್ದ ತಮ್ಮ ಹಾಳೆ ತೋರಿಸಿದರು. ಗಂಟು ತಲೆಗೇರಿಸಿಕೊಂಡ ಶಾಲುಬಾಯಿಯವರು, "ಹಡಗ ಆಮ್ಯಾಲ ಹತ್ತಸೀರಂತ, ಮೊದ್ಲ ಈ ಜನರಲ್ ಡಬ್ಬಿ ಹತ್ತಸ್ರಿ" ಎಂದು ಗಂಡನನ್ನು ನೂಕಿದರು. ಮನೆ ಬಿಡುವವರೆಗೂ ಅಪ್ಪನೊಡನೆ ವಾದಿಸಿ ಯಶೋಧರಾಳ ದನಿ ಬಿದ್ದುಹೋಗಿತ್ತು.

ಇಷ್ಟು ದೂರ ತಂದ ಮೇಲೆ ನಡುನೀರಿನಲ್ಲಿ ಕೈಬಿಡುವುದು ತಮಗೆ ಶೋಭಿಸದು. ಆದ್ದರಿಂದ ಬಿರುಕು ಬಿಟ್ಟ ಕಾರಂಜಾ ಜಲಾಶಯದ ತಳದಲ್ಲಿ ಬಂದರು ಕಟ್ಟಿಸಿಕೊಡಬೇಕು. ಮಾಂಜ್ರಾ ನದಿಯ ಉಸುಕಿನ ಮೇಲೆ ಓಡುವ ಹಡಗು ತಯಾರಾಗುವವರೆಗೆ ಗಾಲಿ ಜೋಡಿಸಿದ್ದೊಂದನ್ನು ತಾತ್ಕಾಲಿಕವಾಗಿ ಒದಗಿಸಬೇಕು. ಡಾಬಕಾದ ನೀರಿನ ಟಾಕಿ ಹೇಗೂ ಖಾಲಿ ನಿಂತಿರುವುದರಿಂದ ಅದನ್ನು ದೀಪಸ್ತಂಭವೆಂದು ಘೋಷಿಸಬೇಕು. ಇದಾವುದೂ ಆಗದಿದ್ದರೆ ಅರಬ್ಬೀ ಸಮುದ್ರವನ್ನೇ ಟ್ಯಾಂಕರುಗಳಲ್ಲಿ ತರಿಸಬಹುದು. ಪಾಳಿ ನಿಲ್ಲಲು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಕಲಾ ವಿಭಾಗದಲ್ಲಿ ಯಶೋಧರಾಳೇ ಕಾಲೇಜಿಗೆ ಮೊದಲು. ತಿಳಿಸಲು ಫೋನು ಮಾಡಿದಾಗ ಹಿಂದೆ ಕಾಂಕ್ರೀಟಿನ ಯಂತ್ರ ಗಡಗಡ ತಿರುಗುತ್ತಿತ್ತು; ತಮ್ಮ ಬಂಧುಗಳೇ ಇರಬೇಕು. "ಸಮುದ್ರ ನೋಡೀನ್ರಿ ಕಾಕಾ. ನೀರ ಭಾಳ ಅದರಿ, ಕುಡೀಲಾಕ ಬರಂಗಿಲ್ಲ" ಎಂದಳು. ಆಮೇಲೆ, "ಹಾಸ್ಟೆಲ್ ಸುದ್ದಿ ಏನರೆ ತಿಳೀತೇನ್ರಿ?" ಎಂದು ಕೇಳಿದಳು.

ಮರುದಿನವೇ ಬೀದರಿಗೆ ಹೋಗಿ ವಿಚಾರಿಸಿದೆ. ಹಾಸ್ಟೆಲ್ ಇದೆ. ಜಾಗವೂ ಇದೆ. ಅವಳಿಗೆ ಬೇಕಾದ ಪದವಿ ಕಾಲೇಜು ಅಲ್ಲಿಂದ ನಡೆದು ಹೋಗುವಷ್ಟು ದೂರ. ಅರ್ಜಿಗೆ ಜೂನ್ ಕೊನೆಯವರೆಗೆ ಅವಕಾಶವಿದೆ. ಇಷ್ಟು ಹೇಳಲು ವಾಹನ, ಜನರೇಟರು, ಪರದೆ ಯಾವುದೂ ಬೇಕಾಗಲಿಲ್ಲ, ಒಂದು ಬಸ್ಸು ಸಾಕಾಯಿತು. ಆದರೆ ಗೋರಖನಾಥರು ಒಪ್ಪುತ್ತಿಲ್ಲ. "ನಿಮ್ಮ ಮ್ಯಾಲ ಭರೋಸಾ ಇಲ್ಲಂತಲ್ರಿ ಕಾಕಾ. ಸರ್ಕಾರ ಬರದು ಕೊಟ್ಟದ್ದು ಬಿಟ್ಟು ಬಾಯಿಮಾತಿಗಿ ಪೋರೀನ ಒಬ್ಬಾಕಿನ್ನ ಹ್ಯಾಂಗ ಕಳಸ್ಲಿ?" ಎನ್ನುತ್ತಾರೆ. ಮೇಲಿನ ಬಂದರು, ದೀಪಸ್ತಂಭಗಳೆಲ್ಲ ಹಾಳಾಗಿ ಹೋಗಲಿ. ತಾವು ಇನ್ನೊಮ್ಮೆ ಗುಂಯ್‌ಗುಟ್ಟಿ ಇನ್ನೊಂದೇ ಹಾಳೆ ಹೊರಹಾಕಬೇಕು. ಅದರಲ್ಲಿ "ಯಶೋಧರಾ ಬೀದರಿಗೆ ಮರಳಿ ಬಂದು, ಹಾಸ್ಟೆಲಿನಲ್ಲಿದ್ದು ಓದತಕ್ಕದ್ದು" ಎಂದಿರಬೇಕು, ಕೆಳಗೆ ಆ ಹಾಳು ಛಾಪಾ ಇರಬೇಕು. ಜೂನ್ ಮುಗಿಯುವುದರೊಳಗೆ.

ಒಣಭೂಮಿಯ ಮೇಲೆ ನಿಂತೇ ತಮಗೆ ಕೈಮುಗಿಯುವ,
ತಮ್ಮ ವಿಶ್ವಾಸಿ,
ಭಾಲಚಂದ್ರ, ಪುಸ್ತಕದಂಗಡಿ, ಔರಾದ

ತಾ.ಕ.: ಈ ಪತ್ರ ಅಂಟಿಸುವಷ್ಟರಲ್ಲಿ ತಮ್ಮ ಕಚೇರಿಯಿಂದ ಫೋನು ಬಂದು, ಯಶೋಧರಾ ಈಗ ಎಲ್ಲಿದ್ದಾಳೆಂದು ವಿಚಾರಿಸಿದರು. ಸಮುದ್ರದ ದಂಡೆಯಲ್ಲಿ, ಕೆಲಸದಲ್ಲಿದ್ದಾಳೆ ಎಂದೆ. ಅವರಿಗೆ ಹಿಡಿಸಲಾರದಷ್ಟು ಹಿಗ್ಗಾಯಿತು. ವಾರ್ಷಿಕ ವರದಿಯಲ್ಲಿ ಯಶೋಗಾಥೆ ಎಂದು ಪ್ರಕಟಿಸುತ್ತಾರಂತೆ, ಫೋಟೋ ಕಳಿಸಲು ಹೇಳಿದ್ದಾರೆ. ಹಿಂದೆ ಸಮುದ್ರ ಕಾಣಬೇಕಂತೆ, ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಕಾಣಬಾರದಂತೆ.