ಎರಡು ಕಾಮಾಗಳ ನಡುವಿನ ತೆರಕಣಾಂಬಿ

ಇಂಗ್ಲಿಷ್ ಮೇಷ್ಟ್ರುಗಳಿಗೆ ಒಂದು ದೌರ್ಬಲ್ಯವಿದೆ: ಒಮ್ಮೆ ಕೈಗೆ ಹತ್ತಿದ ಉದಾಹರಣೆಯನ್ನು ಪೆನ್ಷನ್ನಿನವರೆಗೂ ಬಿಡುವುದಿಲ್ಲ. ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ನಾನು ಬೋರ್ಡಿನ ಮೇಲೆ ಬರೆದದ್ದು ಒಂದೇ ವಾಕ್ಯ: ‘ಮೈ ವೈಫ್, ಹೂ ಈಸ್ ಫ್ರಮ್ ತೆರಕಣಾಂಬಿ, ಕುಕ್ಸ್ ವೆರಿ ವೆಲ್.’ ನನ್ನ ಹೆಂಡತಿ ಸೊಗಸಾಗಿ ಅಡುಗೆ ಮಾಡುತ್ತಾಳೆ ಎಂಬುದು ಮುಖ್ಯ ಸಂಗತಿ. ಇರುವುದು ಒಬ್ಬಳೇ ಆದ್ದರಿಂದ ಯಾವ ಹೆಂಡತಿ ಎಂದು ಯಾರೂ ಕೇಳುವುದಿಲ್ಲ. ತೆರಕಣಾಂಬಿಯವಳು ಎಂಬುದು ಹೆಚ್ಚುವರಿ ಮಾತು. ಅದನ್ನು ಎರಡು ಕಾಮಾಗಳ ನಡುವೆ ಕೂರಿಸಬೇಕು, ತೆಗೆದರೂ ವಾಕ್ಯ ನಿಲ್ಲುತ್ತದೆ. ಈ ಪಾಠ ಹುಡುಗರ ತಾಯಂದಿರ ಮೂಲಕ ಬಾವಿಕಟ್ಟೆಗೆ ಹೋಗಿ, ಅಲ್ಲಿಂದ ನಮ್ಮ ಮನೆಗೇ ಬಂದಿತ್ತು. “ನನ್ನೂರ ತೆಗೆದ್ರೂ ನಡೀತದೆ ಅಂತ ಪಾಠ ಮಾಡ್ತೀರಂತೆ. ನಮ್ಮಪ್ಪನ ಮುಂದೆ ಹೇಳಿ ನೋಡನ,” ಎಂದಿದ್ದಳು ಗೌರಮ್ಮ.

ಅವಳು ತೀರಿಕೊಂಡ ಮೂರನೇ ತಿಂಗಳಿಗೆ ಚಾಮರಾಜನಗರದಿಂದ ಹೊಸ ಇನ್ಸ್‌ಪೆಕ್ಟರು ಬಂದರು. ಸಾವಿನ ಸುದ್ದಿ ಊರಿಗೆ ತಾನಾಗಿಯೇ ತಿಳಿದಿತ್ತು; ನನ್ನ ಬಾಯಿಂದ ಆ ಮಾತು ಒಮ್ಮೆಯೂ ಹೊರಟಿರಲಿಲ್ಲ. ಅಂದು ಕೈ ಅಭ್ಯಾಸಬಲದಿಂದ ಅದೇ ವಾಕ್ಯ ಬರೆಯಿತು. ಹುಡುಗರು ತಲೆ ತಗ್ಗಿಸಿದರು. ಇನ್ಸ್‌ಪೆಕ್ಟರು ಮಾತ್ರ ಅರಳಿದರು. “ತೆರಕಣಾಂಬೀನಾ ಮೇಷ್ಟ್ರೇ? ನಮ್ಮ ತಾಯಿ ತವರು ಅದೇ ಕಣ್ರೀ. ಹಂಗಾದ್ರೆ ಮಧ್ಯಾಹ್ನದ ಊಟ ನಿಮ್ಮನೇಲೇ. ಬಸ್ಸಾರು ಮಾಡ್ಸಿ.” ಇನ್ಸ್‌ಪೆಕ್ಷನ್ ದಿನ ಯಾರಾದರೊಬ್ಬ ಮೇಷ್ಟ್ರ ಮನೆಯಲ್ಲಿ ಅವರ ಊಟವಾಗುವುದು ರೂಢಿ. ಬೇಡವೆನ್ನಲು ನನಗೆ ಒಂದೇ ಕಾರಣವಿತ್ತು. ಅದನ್ನು ಹೇಳಲಾರದೆ, “ಆಗಲಿ ಸಾರ್,” ಎಂದೆ.

ಎರಡು ಪಿರಿಯಡ್ ಬಿಟ್ಟು ಮನೆಗೆ ಓಡಿದೆ. ಬೇಳೆ, ಸೊಪ್ಪು ಬೇಯಿಸಿ, ಕಟ್ಟು ಬಸಿದು, ಖಾರದ ಜೊತೆ ಬೆರಳನ್ನೂ ಸ್ವಲ್ಪ ರುಬ್ಬಿಕೊಂಡು, ಮುದ್ದೆ ಎನ್ನಬಹುದಾದ ಒಂದು ಆಕಾರವನ್ನು ತೊಳಸಿ ಎಲೆ ಹಾಕಿದೆ. ಅವರು ಒಂದು ತುತ್ತು ನುಂಗಿ, ಅಡುಗೆಮನೆಯ ಬಾಗಿಲ ಕಡೆ ನೋಡಿದರು.

“ಅಮ್ಮಾವ್ರನ್ನ ಕರೀರಿ, ಒಂದ್ ಮಾತು ಹೇಳ್ಬೇಕು.”

“ಅವಳು ತೀರ್ಕೊಂಡು ಮೂರು ತಿಂಗಳಾಯ್ತು ಸಾರ್.”

ಅಂತೂ ಹೇಳಿಬಿಟ್ಟಿದ್ದೆ.

“ಮತ್ತೆ ಈ ಅಡುಗೆ?”

“ನಾನೇ ಮಾಡ್ದೆ.”

ಅವರು ಮುದ್ದೆ ಮುರಿದುಕೊಂಡು, “ಇನ್ನೊಂದು ಸೌಟು ಬುಡಿ ಮೇಷ್ಟ್ರೇ,” ಎಂದರು. ಆಮೇಲೆ ಮತ್ತೊಂದು ಸೌಟು. ನಾನು ಉಬ್ಬಿಹೋದೆ. ಅವರನ್ನು ಬಸ್ಸು ಹತ್ತಿಸಿ ಬಂದು ಉಣ್ಣಲು ಕೂತಾಗ ಗೊತ್ತಾಯಿತು, ಸಾರಿಗೆ ಉಪ್ಪೇ ಬಿದ್ದಿರಲಿಲ್ಲ.

ವಾರದ ಮೇಲೆ ವರದಿ ಬಂತು. ನನ್ನ ಹೆಸರಿನ ಮುಂದೆ ‘ಯಾವ ಕೊರತೆಯೂ ಕಾಣಲಿಲ್ಲ’ ಎಂದಿತ್ತು. ಇಲಾಖೆಗೆ ಇಷ್ಟು ದೊಡ್ಡ ಸುಳ್ಳನ್ನು ಬರೆದುಕೊಟ್ಟ ಅಧಿಕಾರಿಯನ್ನು ನಾನು ಬೇರೆ ಕಂಡಿಲ್ಲ. ಓದಿದ್ದೇನೆ, ಒಪ್ಪಿದ್ದೇನೆ ಎಂದು ಕೆಳಗೆ ನಾನೂ ರುಜು ಹಾಕಿದೆ.